ಲ್ಯಾಬಕ್ಕನ ಬೋರಲು ಲೋಟ

ಹೋದ ವಾರ ನನ್ನ ಅಂಗಡಿಗೆ ಒಂದು ಹಳೇ ಫ್ರಿಜ್ಜು ಬಂತು. ಎಂದೋ ಬಾಗಿಲು ಹಾಕಿದ ಒಂದು ಸಣ್ಣ ಕ್ಲಿನಿಕ್ಕಿನದಂತೆ. ಬಾಗಿಲು ತೆಗೆದ ಕೂಡಲೇ ಸ್ಪಿರಿಟ್ಟು, ರಬ್ಬರು, ಮುಗ್ಗಲು ಮೂರೂ ಕಲೆತ ವಾಸನೆ ಮುಖಕ್ಕೆ ಹೊಡೆಯಿತು. ಮೊಟ್ಟೆ ಇಡುವ ಗುಳಿಯಲ್ಲಿ ಬೆರಳುದ್ದದ ಬಿಳೀ ಪ್ಲಾಸ್ಟಿಕ್ ಪಟ್ಟಿಯೊಂದು ಬಿದ್ದಿತ್ತು. ನಡುವೆ ಸಣ್ಣ ಕಿಟಕಿ, ಕಿಟಕಿಯ ಪಕ್ಕಕ್ಕೆ ಇಂಗ್ಲಿಷಿನ ಸಿ, ಎ, ಬಿ ಅಕ್ಷರಗಳು.

ಫ್ರಿಜ್ಜು ತಂದ ಆಟೋದ ಹುಡುಗ ಬಗ್ಗಿ ನೋಡಿ, "ಏನಣ್ಣ ಅದು, ಬಸುರಿ ಟೆಸ್ಟಿಂದಾ?" ಅಂದ.

"ಅಲ್ಲ ಮಾರಾಯ. ಫ್ಲೂ ಜ್ವರದ್ದು."

"ನಿಮಗೆಂಗೆ ಗೊತ್ತು ಅದೆಲ್ಲ?"

ನನಗೆ ಹೇಗೆ ಗೊತ್ತು ಅಂತ ಹೇಳಲು ಹೊರಟರೆ ಅವನ ಆಟೋ ಅವತ್ತು ಸ್ಟ್ಯಾಂಡಿಗೆ ಹೋಗುತ್ತಿರಲಿಲ್ಲ. ಅವನಿಗೆ ಹೇಳದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭದ್ರಾವತಿಯ ನ್ಯೂ ಟೌನಿನಲ್ಲಿ ಒಂದು ಸಾಲು ಅಂಗಡಿಗಳ ಕೊನೆಗೆ ಎರಡು ಕೋಣೆಯ ರಕ್ತಪರೀಕ್ಷೆಯ ಲ್ಯಾಬು ಇತ್ತು. ಅದನ್ನು ನಡೆಸುತ್ತಿದ್ದವರು ಒಬ್ಬ ಹೆಂಗಸು. ಹೆಸರು ಬೋರ್ಡಿನ ಮೇಲಿತ್ತು, ಆದರೆ ಆ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ಲ್ಯಾಬಕ್ಕ. ಅವರ ತಂದೆ ಸೇಲಂ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಅಕ್ಕ ಮದುವೆಯಾಗಿರಲಿಲ್ಲ. ಹತ್ತಿ ಸೀರೆ, ಅದರ ಮೇಲೆ ತೋಳು ಮಡಚಿದ ಬಿಳೀ ಕೋಟು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಮುಡಿಯಲ್ಲಿ ದಿನಾ ಕನಕಾಂಬರ. ತನಗಿಂತ ಚಿಕ್ಕ ಗಂಡಸರೆಲ್ಲ ಅವರಿಗೆ ತಂಬಿ, ಹೆಣ್ಣುಮಕ್ಕಳೆಲ್ಲ ಕಣ್ಣು.

ನಾನು ಓದಿದ್ದು ಏಳನೇ ಕ್ಲಾಸು. ತಲೆ ತಗ್ಗಿಸಿಕೊಂಡು ಹೇಳುವ ಮಾತಲ್ಲ ಇದು. ನನ್ನ ಜೊತೆಯವರು ಪರೀಕ್ಷೆಗೆ ಕೂತಿದ್ದಾಗ ನಾನು ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕಂಪ್ರೆಸರ್ ಬಿಚ್ಚಿ ಜೋಡಿಸುತ್ತಿದ್ದೆ. ಆಮೇಲೆ ಭದ್ರಾವತಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ನಾನು ಮುಟ್ಟಿದ ಫ್ರಿಜ್ಜು ಅದೇ ರೋಗಕ್ಕೆ ಮತ್ತೆ ನನ್ನ ಹತ್ತಿರ ಬಂದದ್ದು ಕಡಿಮೆ. ಅದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರು ಹೇಳುತ್ತಾರೆ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅಕ್ಕನ ಫ್ರಿಜ್ಜು ನಿಂತಿತೆಂದು ಕರೆ ಬಂತು. ಹೋದೆ, ರಿಲೇ ಬದಲಾಯಿಸಿದೆ, ಗ್ಯಾಸ್ ತುಂಬಿಸಿದೆ. ತಣ್ಣಗಾಗುತ್ತದೋ ಇಲ್ಲವೋ ನೋಡಲು ಸ್ವಲ್ಪ ಹೊತ್ತು ಕಾಯಬೇಕಲ್ಲ, ಹಾಗೆ ಕಾಯುವಾಗ ನನ್ನ ಬುತ್ತಿ ಡಬ್ಬಿಯನ್ನೂ ಒಳಗೆ ಇಟ್ಟೆ. ಅಕ್ಕ ಬಂದು ಬಾಗಿಲು ತೆಗೆದರು.

"ಇದೇನ್ ತಂಬಿ?"

"ಮೊಸರನ್ನ ಅಕ್ಕ. ಈ ಸೆಕೆಗೆ ಹುಳಿಯಾಗುತ್ತೆ."

"ಪಕ್ಕದಲ್ಲಿರೋ ಬಾಟ್ಲಿ ನೋಡ್ದೆಯಾ? ಹಿಂದಿನ ಬೀದಿ ತಾತನ ಕಫ. ಅವರಿಗೂ ಒಂದು ತುತ್ತು ಕೊಡ್ತೀಯಾ?"

ಅವತ್ತು ನನ್ನ ಮೊಸರನ್ನ ಕಾಗೆ ಪಾಲಾಯಿತು. ಅಕ್ಕ ತಮ್ಮ ಡಬ್ಬಿಯ ಪುಳಿಯೋದರೆಯಲ್ಲಿ, ಅಂದರೆ ನಮ್ಮ ಪುಳಿಯೋಗರೆಯೇ, ಅರ್ಧ ಕೊಟ್ಟು, ಹೊರಗಿನ ಬೆಂಚಿನ ಮೇಲೆ ಕೂರಿಸಿ ಉಣ್ಣಿಸಿದರು. ಅಲ್ಲಿಂದ ಶುರುವಾದ ಬಳಕೆ. ನಾನು ಸಾಮಾನು ತರಲು ಶಿವಮೊಗ್ಗಕ್ಕೆ ಹೋಗುವುದು ಅವರಿಗೆ ಗೊತ್ತಿತ್ತು. "ತಂಬಿ, ಬರ್ತಾ ನನ್ನದೂ ಒಂದು ಬಾಕ್ಸು" ಅಂತ ಪರೀಕ್ಷೆಯ ಸಾಮಾನು ತಣ್ಣಗೆ ತರಲು ಥರ್ಮೋಕೋಲ್ ಪೆಟ್ಟಿಗೆ ಕೈಗೆ ಕೊಡುತ್ತಿದ್ದರು. ನಾನು ಅದನ್ನು ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಬಿಸಿಲು ಬೀಳುವ ಕಡೆ ಕೂರುತ್ತಿರಲಿಲ್ಲ. ಒಮ್ಮೆ ಕಂಡಕ್ಟರು, "ಏನ್ರೀ, ಐಸ್ ಕ್ರೀಮಾ?" ಅಂತ ಕೇಳಿದ್ದಕ್ಕೆ, "ಹೂಂ, ರಕ್ತಕ್ಕೆ ಹಾಕೋ ಐಸ್ ಕ್ರೀಮು" ಅಂದಿದ್ದೆ. ಅಕ್ಕ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ನಕ್ಕರು.

ಈಗ ಲೋಟದ ವಿಷಯ. ಅಕ್ಕನ ಟೇಬಲ್ಲಿನ ಮೇಲೆ ಒಂದು ಸ್ಟೀಲ್ ಲೋಟ ಯಾವಾಗಲೂ ಬೋರಲು ಇರುತ್ತಿತ್ತು. ಗೆರೆ ಬರುವ ಪಟ್ಟಿಯ ಪರೀಕ್ಷೆ ಯಾವುದೇ ಇರಲಿ, ಹನಿ ಬಿಟ್ಟ ಕೂಡಲೇ ಅದರ ಮೇಲೆ ಲೋಟ ಮುಚ್ಚುತ್ತಿದ್ದರು. ಅಡುಗೆಮನೆಯ ಗಡಿಯಾರಕ್ಕೆ ಅಲಾರಂ ಇಟ್ಟು, ಅದು ಕೂಗುವವರೆಗೆ ಯಾರೂ ಎತ್ತುವಂತಿಲ್ಲ, ತಾವೂ ಎತ್ತುತ್ತಿರಲಿಲ್ಲ. ಮೊದಲು ಇದು ಬಸುರಿ ಪರೀಕ್ಷೆಗೆ ಶುರು ಮಾಡಿದ ಕ್ರಮವಂತೆ. ಸೊಸೆಯನ್ನು ಕರೆತಂದ ಅತ್ತೆಯರು ಟೇಬಲ್ಲಿಗೆ ಬಗ್ಗಿ, ಪಟ್ಟಿ ಒದ್ದೆಯಾಗುವ ಮೊದಲೇ "ಬಂತು, ಬಂತು" ಅನ್ನುತ್ತಿದ್ದರಂತೆ.

"ಮನಸ್ಸು ಗೆರೆ ಎಳೀತದೆ ತಂಬಿ," ಅನ್ನುತ್ತಿದ್ದರು. "ಬೇಕು ಅನ್ನೋರಿಗೆ ಇಲ್ಲದ ಗೆರೆ ಕಾಣ್ತದೆ. ಬೇಡ ಅನ್ನೋರಿಗೆ ಇರೋ ಗೆರೆ ಕಾಣಲ್ಲ. ಅದಕ್ಕೇ ಲೋಟ."

ಅಲಾರಂ ಕೂಗಿದ ಮೇಲೆ ಲೋಟ ಎತ್ತಿ ಮೊದಲು ತಾವು ನೋಡುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಹತ್ತಿರ ಇದ್ದ ಇನ್ನೊಬ್ಬರನ್ನು ಕರೆದು, ಅದು ಯಾರದ್ದು, ಯಾವ ಪರೀಕ್ಷೆ ಒಂದನ್ನೂ ಹೇಳದೆ, "ಎಷ್ಟು ಗೆರೆ?" ಅಂತ ಕೇಳುತ್ತಿದ್ದರು. ಪೇಪರ್ ಹಾಕುವವನನ್ನು ಕೇಳಿದ್ದಾರೆ, ಪಕ್ಕದ ದರ್ಜಿಯನ್ನು ಕೇಳಿದ್ದಾರೆ, ನನ್ನನ್ನಂತೂ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಾರೆ. ಇಬ್ಬರ ಕಣ್ಣಿಗೂ ಒಂದೇ ಲೆಕ್ಕ ಸಿಕ್ಕರೆ ಮಾತ್ರ ಬರೆಯುವುದು. ಲೆಕ್ಕ ತಪ್ಪಿದರೆ ಹೊಸ ಪಟ್ಟಿ. ನಾನು ಎಷ್ಟೋ ವರ್ಷ ಹಾಗೆ ಒಂದು, ಎರಡು ಅಂತ ಹೇಳಿ ಬಂದಿದ್ದೇನೆ, ಅದರ ಅರ್ಥ ಕೇಳಿರಲಿಲ್ಲ. ಕೇಳಿದರೂ ಹೇಳುತ್ತಿರಲಿಲ್ಲ.

ಆಮೇಲೆ ಹಂದಿ ಜ್ವರದ ವರ್ಷ ಬಂತು. ಜನ ಕರ್ಪೂರ, ಏಲಕ್ಕಿ ಬಟ್ಟೆಯಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಂಡು ಮೂಸುತ್ತಾ ತಿರುಗುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ ಸೀನಿದರೆ ಪಕ್ಕದ ಸೀಟು ಖಾಲಿ. ಗಂಟಲ ದ್ರವವನ್ನು ದೂರದ ದೊಡ್ಡ ಲ್ಯಾಬಿಗೆ ಕಳಿಸಿ ಕಾಯುವುದು ಒಂದು ದಾರಿ. ಅದಕ್ಕೆ ಮೊದಲು ಕೆಲವು ಡಾಕ್ಟರುಗಳು ಈ ಪಟ್ಟಿ ಪರೀಕ್ಷೆ ಮಾಡಿಸಿ ನೋಡುತ್ತಿದ್ದರು. ಕೂತಲ್ಲೇ ಗೊತ್ತಾಗುತ್ತದೆ ಅನ್ನುವುದು ಅದರ ಅನುಕೂಲ. ಶಿವಮೊಗ್ಗದಲ್ಲೂ ಆ ಪಟ್ಟಿ ಸುಲಭಕ್ಕೆ ಸಿಗುತ್ತಿರಲಿಲ್ಲ. ನಾನು ಗಾಂಧಿ ಬಜಾರಿನ ಹತ್ತಿರ ಎರಡು ಅಂಗಡಿ ಸುತ್ತಿ ಒಂದು ಪೆಟ್ಟಿಗೆ ತಂದುಕೊಟ್ಟೆ. ಆ ಪೆಟ್ಟಿಗೆಯ ಪಟ್ಟಿ ನನ್ನ ಮನೆಗೇ ಬೇಕಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು...

ಆಗ ನನ್ನ ಹೆಂಡತಿಗೆ ಏಳು ತಿಂಗಳು. ಮದುವೆಯಾಗಿ ಬಹಳ ವರ್ಷ ಕಾದು ನಿಂತ ಬಸಿರು ಅದು. ಆ ಭಾನುವಾರ ಸೀಮಂತ ಅಂತ ಗೊತ್ತಾಗಿತ್ತು. ಗಾಜನೂರಿನಿಂದ ಅವಳ ತವರಿನವರು ಹಸಿರು ಬಳೆ, ಸೀರೆ ತೆಗೆದುಕೊಂಡು ಬರುವವರಿದ್ದರು. ಗುರುವಾರ ಅವಳಿಗೆ ಜ್ವರ ಬಂತು, ಮೈಕೈ ನೋವು, ಕೆಮ್ಮು. ನ್ಯೂ ಟೌನಿನ ನಮ್ಮ ಡಾಕ್ಟರು ನೋಡಿ, "ಲ್ಯಾಬಿಗೆ ಹೋಗಿ ಮೂಗಿನ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ತಡ ಮಾಡಬೇಡಿ" ಅಂದರು. ಅಷ್ಟು ಹೇಳುವಾಗ ಅವರು ಅವಳ ಹೊಟ್ಟೆಯ ಕಡೆ ನೋಡಿದ್ದು ನನಗೆ ಹಿಡಿಸಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕರೆದುಕೊಂಡು ಹೋದೆ. ಅಕ್ಕ ಅವಳನ್ನು ನೋಡಿ ಎಂದಿನಂತೆ ತಮಾಷೆ ಮಾಡಲಿಲ್ಲ. ಮುಖಕ್ಕೆ ಮಾಸ್ಕು, ಕೈಗೆ ಗವಸು ಹಾಕಿಕೊಂಡು, ಉದ್ದನೆಯ ಹತ್ತಿ ಕಡ್ಡಿ ಮೂಗಿನೊಳಗೆ ಬಿಟ್ಟು ತಿರುಗಿಸಿ ತೆಗೆದರು. ಅದನ್ನು ಸಣ್ಣ ಕೊಳವೆಯ ನೀರಿನಲ್ಲಿ ಅದ್ದಿ ಹಿಂಡಿ, ಪಟ್ಟಿಯ ಗುಳಿಗೆ ಹನಿ ಬಿಟ್ಟು, ಲೋಟ ಮುಚ್ಚಿದರು. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಳು. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಆ ದಿನಗಳಲ್ಲಿ ಜ್ವರದವರು ಕೂತ ಬೆಂಚಿನ ಹತ್ತಿರ ಯಾರು ಬರುತ್ತಿದ್ದರು.

ಅಲಾರಂ ಕೂಗಿತು. ಅಕ್ಕ ಲೋಟ ಎತ್ತಿ ನೋಡಿದರು. ಹುಬ್ಬು ಗಂಟಾಯಿತು. ಕೇಳಲು ಬೇರೆ ಜನ ಇಲ್ಲದ್ದರಿಂದ ನನ್ನನ್ನೇ ಕರೆದರು.

"ಎಷ್ಟು ಗೆರೆ ತಂಬಿ?"

ಬಗ್ಗಿ ನೋಡಿದೆ. ಕಿಟಕಿ ಬೆಳ್ಳಗಿತ್ತು. ನನಗಾದ ಸಂತೋಷ ಹೇಳತೀರದು. "ಒಂದೂ ಇಲ್ಲ ಅಕ್ಕ. ಅಂದ್ರೆ ಕಾಯಿಲೆ ಇಲ್ಲ ಅಂತ ತಾನೆ? ಬರೆದುಕೊಟ್ಟುಬಿಡಿ. ಗಾಜನೂರಿಗೆ ಫೋನ್ ಮಾಡಿ ಹೊರಡಿ ಅಂತೀನಿ."

ಅಕ್ಕ ಪೆನ್ನು ಮುಟ್ಟಲಿಲ್ಲ. "ನೀನು ಫ್ರಿಜ್ಜು ನೋಡಕ್ಕೆ ಹೋಗ್ತೀಯ. ಬಾಗಿಲು ತೆಗೆದ್ರೆ ಒಳಗೆ ದೀಪ ಇಲ್ಲ, ಸದ್ದಿಲ್ಲ. ಫ್ರಿಜ್ಜು ಆರೋಗ್ಯವಾಗಿದೆ ಅಂತ ಹೇಳಿ ಬರ್ತೀಯಾ?"

"ಅದ್ಹೆಂಗೆ? ಮೊದಲು ಕರೆಂಟು ಇದೆಯಾ ನೋಡ್ತೀನಿ."

"ಈ ಸಿ ಅಂತ ಇದೆಯಲ್ಲ, ಅದೇ ಕರೆಂಟು. ಕಾಯಿಲೆ ಇರಲಿ ಬಿಡಲಿ ಅಲ್ಲೊಂದು ಗೆರೆ ಬರಲೇಬೇಕು. ಅದು ಬಂದ ಮೇಲೆ ಉಳಿದ ಮಾತು. ಎ, ಬಿ ಅಂದ್ರೆ ಫ್ಲೂನ ಎರಡು ಜಾತಿ, ಹಂದಿ ಜ್ವರ ಎ ಲೆಕ್ಕಕ್ಕೆ ಬರ್ತದೆ. ಇದು ಸತ್ತ ಪಟ್ಟಿ ತಂಬಿ. ಇದು ಹೌದೂ ಅಂದಿಲ್ಲ, ಇಲ್ಲಾನೂ ಅಂದಿಲ್ಲ."

ನಾನು ತಂದ ಪೆಟ್ಟಿಗೆಯೇ ಕೆಟ್ಟಿದೆಯೇನೋ ಅಂತ ಅದರ ಮೇಲಿನ ತಾರೀಖು ಹುಡುಕಿದೆ. ಅಕ್ಕ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ಕೊಳವೆಯ ನೀರು ನೋಡಿದರು. ನೀರಿನ ಮೇಲೆ ಸಣ್ಣ ಹೊಳಪು ತೇಲುತ್ತಿತ್ತು. ಹೊರಗೆ ಬಂದು ನನ್ನ ಹೆಂಡತಿಯ ಮುಂದೆ ನಿಂತರು.

"ಮೂಗಿಗೆ ಏನು ಹಾಕ್ಕೊಂಡಿದೀಯಾ ಕಣ್ಣು?"

ಅವಳು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಅತ್ತೆ ಬೆಳಿಗ್ಗೆ ತುಪ್ಪ ಬಿಟ್ಟರು ಅಕ್ಕ, ಬಿಸಿ ಮಾಡಿ. ಕಡ್ಡಿ ಹಾಕ್ತಾರಂತೆ, ಒಣಗಿದ ಮೂಗಿಗೆ ನೋವಾಗುತ್ತೆ ಅಂತ," ಅಂದಳು.

ನಮ್ಮ ಅಮ್ಮನಿಗೆ ಎಲ್ಲದಕ್ಕೂ ತುಪ್ಪವೇ. ಮೂಗು ಕಟ್ಟಿದರೆ ತುಪ್ಪ, ಮೂಗು ಒಣಗಿದರೆ ತುಪ್ಪ. ಸೊಸೆಗೆ ನೋಯದಿರಲಿ ಅಂತ ಹೊರಡುವ ಹೊತ್ತಿಗೆ ಎರಡೂ ಹೊಳ್ಳೆಗೆ ಧಾರಾಳವಾಗಿ ಬಿಟ್ಟು, ಹಣೆಗೆ ವಿಭೂತಿ ಹಚ್ಚಿ ಕಳಿಸಿದ್ದರು. ಜಿಡ್ಡಿಗೆ ಪಟ್ಟಿಯ ಮೇಲೆ ನೀರು ಏರಿರಲಿಲ್ಲ.

"ತುಪ್ಪ ಹಾಕಿ ಕಳಿಸಿದ್ದಾರೆ, ಜೀರಿಗೆ, ಕರಿಬೇವು ಯಾಕೆ ಬಿಟ್ರೋ," ಅಂದರು ಅಕ್ಕ. ಹೆಂಡತಿ ಅಷ್ಟು ಜ್ವರದಲ್ಲೂ ನಕ್ಕಳು. ನಕ್ಕಿದ್ದೇ ಕೆಮ್ಮು ಬಂತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಕ್ಕ ಆಮೇಲೆ ತಮಾಷೆ ಮಾಡಲಿಲ್ಲ.

ಬೆಚ್ಚಗಿನ ಉಪ್ಪುನೀರಿನಲ್ಲಿ ಮೂಗು ತೊಳೆಸಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಡ್ಡಿ ಹಾಕಿದರು, ಈ ಸಲ ಇನ್ನೂ ಆಳಕ್ಕೆ. ಅವಳ ಕಣ್ಣಲ್ಲಿ ನೀರು ಇಳಿಯಿತು. "ಆಯ್ತು ಕಣ್ಣು, ಆಯ್ತು," ಅಂತ ಇನ್ನೊಂದು ಕೈಯಲ್ಲಿ ಅವಳ ತಲೆ ಹಿಡಿದುಕೊಂಡಿದ್ದರು. ಹೊಸ ಪಟ್ಟಿ, ಹೊಸ ಹನಿ, ಮತ್ತೆ ಲೋಟ.

ಆ ಲೋಟವನ್ನು ನಾನು ನೋಡಿದ ಹಾಗೆ ಬೇರೆ ಯಾವ ವಸ್ತುವನ್ನೂ ನೋಡಿಲ್ಲ. ಅದರ ಅಂಚಿನಲ್ಲಿ ಒಂದು ನಗ್ಗು ಇತ್ತು, ಬುಡದಲ್ಲಿ ಯಾರದೋ ಹೆಸರಿನ ಮೊದಲಕ್ಷರ ಕೆತ್ತಿತ್ತು, ಪಾತ್ರೆ ಅಂಗಡಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಕೆತ್ತುತ್ತಾರಲ್ಲ, ಹಾಗೆ. ಇಷ್ಟು ವರ್ಷ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಕೈ ಚಾಚಿದರೆ ಎತ್ತಬಹುದಿತ್ತು. "ತಡಿ," ಅಂದರು ಅಕ್ಕ, ನಾನು ಕೈ ಎತ್ತುವ ಮೊದಲೇ.

ಅಲಾರಂ ಕೂಗಿತು. ಲೋಟ ಎತ್ತಿದರು, ನೋಡಿದರು. ಮಾಸ್ಕಿನ ಮೇಲಿನ ಕಣ್ಣುಗಳಲ್ಲಿ ಏನೂ ಗೊತ್ತಾಗಲಿಲ್ಲ.

"ಎಷ್ಟು ಗೆರೆ?"

ಈ ಸಲ ನನಗೆ ಅರ್ಥ ಗೊತ್ತಿತ್ತು. ಸಿ ಹತ್ತಿರ ದಪ್ಪನೆಯ ಗೆರೆ ಇತ್ತು. ಎ ಹತ್ತಿರ... ಇತ್ತೋ ಇಲ್ಲವೋ ಅನ್ನುವ ಹಾಗೆ, ಬೆಳ್ಳಗೆ ಒಗೆದ ಬಟ್ಟೆಯಲ್ಲಿ ಉಳಿದ ಅರಿಸಿನದ ಕಲೆಯ ಹಾಗೆ ಒಂದು. ತಲೆ ಒಂದು ಕಡೆ ವಾಲಿಸಿದರೆ ಇರಲಿಲ್ಲ, ಇನ್ನೊಂದು ಕಡೆ ವಾಲಿಸಿದರೆ ಇತ್ತು. ಒಂದು ಅನ್ನಬಹುದಿತ್ತು. ಹೊರಗೆ ಅವಳು ಕೆಮ್ಮುತ್ತಿದ್ದಳು. ಮನೆಯಲ್ಲಿ ಅಮ್ಮ ಚಿಗಳಿ ಉಂಡೆಗೆ ಎಳ್ಳು ಹುರಿಯಲು ಕೂತಿದ್ದರು.

"ಎರಡು," ಅಂದೆ. "ಒಂದು ಬಹಳ ಮಸುಕು ಅಕ್ಕ. ಮಸುಕು ಅಂದ್ರೆ ಸ್ವಲ್ಪವೇ ತಾನೆ?"

"ಮಸುಕಾದ್ರೂ ಗೆರೆ ಗೆರೆನೇ ತಂಬಿ. ನನಗೂ ಎರಡೇ ಕಂಡಿದ್ದು." ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು, ಗವಸಿನ ಕೈ ಅಂತ ನೆನಪಾಗಿ ತೆಗೆದರು. "ಒಂದೇ ಬಂದಿದ್ರೂ ಇಲ್ಲ ಅಂತ ಬರೀತಿರಲಿಲ್ಲ ನಾನು. ಕಂಡಿಲ್ಲ ಅಂತ ಬರೀತಿದ್ದೆ. ಕಾಯಿಲೆ ಇದ್ದೂ ಈ ಪಟ್ಟಿ ಕಣ್ಣಿಗೆ ಬೀಳದೇ ಇರೋದೂ ಇರ್ತದೆ. ಈಗ ಕಂಡಿದೆಯಲ್ಲ, ದಾರಿ ಕಂಡ ಹಾಗೆ. ಓಡು."

ಅವರೇ ಡಾಕ್ಟರಿಗೆ ಫೋನ್ ಮಾಡಿದರು. ಮಧ್ಯಾಹ್ನದೊಳಗೆ ನಾವು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದೆವು, ಬೇರೆಯೇ ಇಟ್ಟ ವಾರ್ಡಿನಲ್ಲಿ. ಅವತ್ತೇ ಮಾತ್ರೆ ಶುರುವಾಯಿತು. ಮರುದಿನ ಅವಳಿಗೆ ಉಸಿರು ಕಟ್ಟಿ ಆಕ್ಸಿಜನ್ ಹಾಕಿದರು. ನಾನು ಹೊರಗೆ ವರಾಂಡದಲ್ಲಿ, ಗಾಜಿನಾಚೆ ಅವಳ ಪಾದ ಮಾತ್ರ ಕಾಣುವ ಜಾಗದಲ್ಲಿ ನಿಂತಿದ್ದೆ. ಅಲ್ಲಿನ ಡಾಕ್ಟರಮ್ಮ ಒಬ್ಬರು ಹೋಗುತ್ತಾ ನಿಂತು, "ಬೇಗ ತಂದಿರಿ, ಒಳ್ಳೇದಾಯ್ತು. ಮನೇಲಿ ಇಟ್ಕೊಂಡಿದ್ರೆ ಕಷ್ಟ ಇತ್ತು," ಅಂದರು. ಸೀಮಂತದ ಭಾನುವಾರ ಹಾಗೇ ಹೋಯಿತು. ಗಾಜನೂರಿನವರು ಬಳೆಗಳ ಸಮೇತ ಆಸ್ಪತ್ರೆ ಗೇಟಿನ ತನಕ ಬಂದು, ಒಳಗೆ ಬಿಡದೆ, ವಾಪಸು ಹೋದರು.

ಅವಳು ಎದ್ದಳು. ಹೊಟ್ಟೆಯಲ್ಲಿದ್ದದ್ದೂ ಗಟ್ಟಿಯಾಗಿಯೇ ಒದೆಯುತ್ತಿತ್ತು. ಮನೆಗೆ ಬಂದ ಮೇಲೆ ಒಂದು ಸಂಜೆ ಅಕ್ಕ ಕೈಯಲ್ಲಿ ಬಳೆಯ ಪೊಟ್ಟಣ, ಒಂದು ಡಬ್ಬಿ ಪುಳಿಯೋದರೆ ಹಿಡಿದು ಬಂದರು. "ನಮ್ಮಲ್ಲಿ ಇದಕ್ಕೆ ವಳೈಕಾಪು ಅಂತಾರೆ. ಬಳೆ ತೊಡಿಸಕ್ಕೆ ಭಾನುವಾರನೇ ಆಗಬೇಕಾ?" ಅಂತ ಅವಳ ಎರಡೂ ಕೈಗೆ ಹಸಿರು ಗಾಜಿನ ಬಳೆ ಏರಿಸಿದರು. ನಮ್ಮ ಅಮ್ಮ ಅವರಿಗೆ ಕಾಫಿ ಕೊಡುತ್ತಾ, ತುಪ್ಪದ ವಿಷಯ ಎತ್ತಲೋ ಬೇಡವೋ ಅಂತ ತಡವರಿಸುತ್ತಿದ್ದರು. ಅಕ್ಕನೇ ಎತ್ತಿದರು.

"ಅಮ್ಮಾ, ನಿಮ್ಮ ತುಪ್ಪ ಒಳ್ಳೇದೇ. ಪುಳಿಯೋದರೆಗೆ ತುಪ್ಪ ಹಾಕಲ್ಲ ಅಂತೀರಾ? ಇವತ್ತು ಹಾಕಿ. ಮೂಗಿಗೆ ಮಾತ್ರ ಬೇಡ."

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ನಮಗೆ ಹೆಣ್ಣುಮಗು ಹುಟ್ಟಿತು. ಅವಳಿಗೆ ಮಾತು ಬರುವ ಕಾಲಕ್ಕೆ ಲ್ಯಾಬಿಗೆ ಹೋದರೆ ಮೊದಲು ಆ ಲೋಟ ಎತ್ತಲು ಹೋಗುತ್ತಿದ್ದಳು. "ತಡಿ," ಅನ್ನುತ್ತಿದ್ದರು ಅಕ್ಕ. ಅವಳೂ "ತಡಿ, ತಡಿ" ಅಂತ ಲೋಟಕ್ಕೇ ಹೇಳುತ್ತಿದ್ದಳು.

ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಫ್ರಿಜ್ಜಿನ ಥರ್ಮೋಸ್ಟ್ಯಾಟ್ ಹಾಕಲು ಅಲ್ಲಿಗೆ ಹೋಗಿದ್ದೆ. ಅಕ್ಕನಿಗೆ ವಯಸ್ಸಾಗಿತ್ತು. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು, ಆದರೂ ಓದುವಾಗ ಕಾಗದವನ್ನು ಮೂಗಿನ ಹತ್ತಿರ ತರುತ್ತಿದ್ದರು. ಮತ್ತೆ ಜ್ವರದ ಕಾಲ ಅದು. ಯಾರದೋ ಮೂಗಿನ ಪಟ್ಟಿ ಲೋಟದ ಕೆಳಗಿತ್ತು. ಅಲಾರಂ ಕೂಗಿತು. ಅಕ್ಕ ಎತ್ತಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಪೆನ್ನಿನ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಕರೆದರು.

"ಎಷ್ಟು ತಂಬಿ?"

ಎರಡು ಇದ್ದವು. ಮಸುಕೂ ಅಲ್ಲ, ಎರಡೂ ಎದ್ದು ಕಾಣುತ್ತಿದ್ದವು. ಆದರೆ ಅಕ್ಕ ಕೇಳಿದ ರೀತಿ ಬೇರೆಯಾಗಿತ್ತು. ಯಾವತ್ತೂ ಪಟ್ಟಿ ನೋಡುತ್ತಾ ಕೇಳುತ್ತಿದ್ದವರು ಅವತ್ತು ನನ್ನ ಮುಖ ನೋಡುತ್ತಾ ಕೇಳಿದರು. ಅವರಿಗೆ ಎಷ್ಟು ಕಂಡಿದೆ ಅಂತ ನನಗೆ ಗೊತ್ತಾಗಿಹೋಯಿತು. ಒಂದು ಅಂದಿದ್ದರೆ ಅವರ ಮುಖ ಅರಳುತ್ತಿತ್ತು. ಆದರೆ ಆ ಪಟ್ಟಿಯೂ ಯಾರದೋ ಮನೆಯದು. ಆ ಮನೆಯವರೂ ಎಲ್ಲೋ ಕಾಯುತ್ತಾ ಕೂತಿದ್ದರು.

"ಎರಡು ಅಕ್ಕ."

"ಮಸುಕಾ?"

"ಇಲ್ಲ. ಚೆನ್ನಾಗೇ ಬಂದಿದೆ."

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಹೊಸ ಪಟ್ಟಿ ಹಾಕಿ, ಪಕ್ಕದ ದರ್ಜಿಯನ್ನೂ ಕರೆದು ಕೇಳಿದರು. ಅವನೂ ಎರಡು ಅಂದ. ಡಾಕ್ಟರಿಗೆ ಫೋನ್ ಮಾಡಿ ಹೇಳಿದರು. ಎಲ್ಲ ಮುಗಿದ ಮೇಲೆ ಕೋಟಿನ ಮಡಚಿದ ತೋಳು ಬಿಡಿಸಿಕೊಂಡರು. ಅವರು ತೋಳು ಬಿಡಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಇನ್ನೊಂದು ಕಣ್ಣಿಗೂ ಆಪರೇಷನ್ ಮಾಡಿಸಿ ಅಕ್ಕ. ಸರಿಹೋಗುತ್ತೆ," ಅಂದೆ.

"ಕೇಳಿದ್ದಾಯ್ತು. ಅದು ಒಳಗಿಂದಾನೇ ಹೋಗಿದೆಯಂತೆ." ಆಮೇಲೆ ನಕ್ಕರು. "ಅವತ್ತೂ ನೀನೇ ಎರಡು ಅಂದೆ. ಇವತ್ತೂ ನೀನೇ. ಒಳ್ಳೇದಾಯ್ತು ಬಿಡು, ಬೇರೆ ಯಾರಾದ್ರೂ ಆಗಿದ್ರೆ ನನಗೆ ಬೇಜಾರಾಗ್ಬಾರ್ದು ಅಂತ ಒಂದು ಅಂದಿರೋರು."

ಆ ತಿಂಗಳೇ ಲ್ಯಾಬು ಮುಚ್ಚಿದರು. ಯಾರು ಹೇಳಿದರೂ ಕೇಳಲಿಲ್ಲ. ನೋಡಿಕೊಳ್ಳಲು ಯಾರನ್ನಾದರೂ ಇಟ್ಟುಕೊಳ್ಳಿ ಅಂದವರಿಗೆ, "ನೋಡೋದೇ ನನ್ನ ಕೆಲಸ, ಅದನ್ನೇ ಬೇರೆಯವರು ಮಾಡಿದ್ರೆ ನಾನು ಬೋರ್ಡಾ?" ಅಂದರು. ಸೇಲಂ ಹತ್ತಿರದ ತಂಗಿಯ ಮನೆಗೆ ಹೊರಡುವ ದಿನ ನಾನು ಸಾಮಾನು ಕಟ್ಟಿಕೊಡಲು ಹೋಗಿದ್ದೆ. ಲೋಟವನ್ನು ನನ್ನ ಕೈಗಿಟ್ಟರು.

"ಕುದಿಯೋ ನೀರಲ್ಲಿ ತೊಳೆದಿದ್ದೀನಿ. ಕಾಫಿ ಕುಡಿ."

"ಇದರಲ್ಲಾ ಅಕ್ಕ? ಊರಿನ ಮೂಗೆಲ್ಲ ಇದರಡಿ ಇತ್ತು."

ಇಬ್ಬರೂ ನಕ್ಕೆವು. ಬಸ್ಸು ಹೊರಡುವ ತನಕ ಅದೊಂದು ಮಾತಿಗೇ ಮತ್ತೆ ಮತ್ತೆ ನಕ್ಕೆವು. ನಗು ನಿಂತರೆ ಏನು ಮಾತಾಡುವುದು ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಮಗಳ ಕೈಯಲ್ಲಿ ಮಾತಾಡಿಸಿದರೆ ಅಕ್ಕ ಕೇಳುತ್ತಿದ್ದದ್ದು ಒಂದೇ: "ಕಣ್ಣು ಚೆನ್ನಾಗಿದೆಯಾ ಕಣ್ಣು?" ಒಂದು ಪೊಂಗಲ್ಲಿಗೆ ಮಾಡಿದಾಗ ತಂಗಿಯ ಮಗ ಎತ್ತಿದ. ತಮಿಳಿನಲ್ಲಿ ಏನೋ ಹೇಳಿದ. ನನಗೆ ಅರ್ಧವೇ ಅರ್ಥವಾಯಿತು. ಆ ಅರ್ಧ ಸಾಕಾಯಿತು... ಅಕ್ಕ ಹೋಗಿ ಆಗಲೇ ತಿಂಗಳಾಗಿತ್ತಂತೆ.

ಹೋದ ವಾರ ಆ ಹಳೇ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಬಂದೆ. ನನಗೂ ಈಗ ಕನ್ನಡಕ ಬಂದಿದೆ. ಕಿಟಕಿ ಹಳದಿಯಾಗಿತ್ತು.

"ಎಷ್ಟು ಗೆರೆ ಕಾಣುತ್ತೋ ಇದರಲ್ಲಿ?" ಅಂತ ಆಟೋದ ಹುಡುಗನನ್ನು ಕೇಳಿದೆ.

ಅವನು ಬಗ್ಗಿ ನೋಡಿ, "ಒಂದೂ ಇಲ್ಲಣ್ಣ," ಅಂದ.

ನನಗೂ ಒಂದೂ ಕಂಡಿರಲಿಲ್ಲ. ಲೆಕ್ಕ ಸರಿಯಾಯಿತು ಅಂತ ಪಟ್ಟಿಯನ್ನು ಕಸಕ್ಕೆ ಹಾಕಿ, ಸೋಪು ಹಚ್ಚಿ ಕೈ ತೊಳೆದುಕೊಂಡೆ. ಅಷ್ಟರಲ್ಲಿ ಅವನು ನೀರು ಕುಡಿಯಲು ಅಂತ ಶೆಲ್ಫಿನ ಮೇಲೆ ಬೋರಲು ಹಾಕಿದ್ದ, ಅಂಚು ನಗ್ಗಿದ ಸ್ಟೀಲ್ ಲೋಟಕ್ಕೆ ಕೈ ಹಾಕಿದ.

"ತಡಿ," ಅಂದೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. "ಯಾಕಣ್ಣ, ಅದರಡಿ ಏನಿದೆ?"

"ಏನಿಲ್ಲ," ಅಂದು ಅವನಿಗೆ ಬೇರೆ ಲೋಟದಲ್ಲಿ ನೀರು ಕೊಟ್ಟೆ.